ನ್ಯಾಯಬೆಲೆ: ಅಕ್ವಿನಾಸರ ಎರಡು ಓದುಗಳು

‘ನ್ಯಾಯಬೆಲೆ’ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಪಡಿತರದ ಅಂಗಡಿ. ಅದೇ ಹೆಸರಿಗೆ ಸಲ್ಲುವ ವಿಚಾರವೊಂದು ಮಧ್ಯಯುಗದ ದೈವಶಾಸ್ತ್ರದಲ್ಲಿಯೂ ಇತ್ತು. ಅದನ್ನು ಇಪ್ಪತ್ತನೆಯ ಶತಮಾನದ ಇಬ್ಬರು ಇತಿಹಾಸಕಾರರು ಪರಸ್ಪರ ವಿರುದ್ಧವಾದ ಎರಡು ದಿಕ್ಕುಗಳಿಗೆ ಎಳೆದೊಯ್ದರು. ಸಂತ ಥಾಮಸ್ ಅಕ್ವಿನಾಸರನ್ನು ನಾವು ಗುರುಮಠದಲ್ಲಿ ಓದುವಾಗ ಈ ಇಬ್ಬರಲ್ಲಿ ಒಬ್ಬರ ಕನ್ನಡಕವನ್ನು ಅರಿಯದೆಯೇ ಧರಿಸಿರುತ್ತೇವೆ. ಆದ್ದರಿಂದ ಎರಡನ್ನೂ ಒಮ್ಮೆ ತೆಗೆದು ನೋಡುವುದು ಉಚಿತ.

ಮೊದಲನೆಯವರು ಆರ್. ಎಚ್. ಟಾನಿ. 1926ರಲ್ಲಿ ಪ್ರಕಟವಾದ ಧರ್ಮ ಮತ್ತು ಬಂಡವಾಳಶಾಹಿಯ ಉದಯವನ್ನು ಕುರಿತ ಗ್ರಂಥದಲ್ಲಿ ಅವರು ಅಕ್ವಿನಾಸರ ನಿಜವಾದ ವಾರಸುದಾರನನ್ನು ಶ್ರಮಮೌಲ್ಯ ಸಿದ್ಧಾಂತದಲ್ಲಿ ಕಂಡರು. ಕಾರ್ಲ್ ಮಾರ್ಕ್ಸ್‌ನನ್ನು ಮಧ್ಯಯುಗದ ಪಂಡಿತಪರಂಪರೆಯ ಕೊನೆಯ ಕೊಂಡಿಯೆಂದು ಕರೆದರು. ಮಾತು ಸೊಗಸಾಗಿದೆ, ಪ್ರವಚನಕ್ಕೂ ಒದಗುತ್ತದೆ. ಆದರೆ ಅದು ಅಕ್ವಿನಾಸರಿಗೂ ಸಲ್ಲದು, ಮಾರ್ಕ್ಸ್‌ನಿಗೂ ಸಲ್ಲದು. ‘ಸುಮ್ಮಾ’ದ ಎರಡನೆಯ ಭಾಗದ ಎರಡನೆಯ ಖಂಡದ 77ನೆಯ ಪ್ರಶ್ನೆಯಲ್ಲಿ ಶ್ರಮದ ಮಾತು ಬರುವುದು ನಿಜ. ಆದರೆ ವ್ಯಾಪಾರಿ ಪಡೆಯುವ ಮಿತವಾದ ಲಾಭವನ್ನು ಅವನ ದುಡಿಮೆಯ ಸಂಭಾವನೆಯೆಂದು ಸಮರ್ಥಿಸುವುದಕ್ಕಾಗಿ ಅದು ಬರುತ್ತದೆ. ವಸ್ತುವಿನ ಬೆಲೆಯನ್ನು ಶ್ರಮದ ಗಂಟೆಗಳಿಂದ ಅಳೆಯುವುದಕ್ಕಲ್ಲ. ಅದೇ ಪ್ರಶ್ನೆಯ ಎರಡನೆಯ ಅಧಿಕರಣದಲ್ಲಿ ಅವರು ಸಂತ ಅಗಸ್ಟೀನರನ್ನು ನೆನೆದು, ಬೆಲೆಯು ವಸ್ತುವಿನ ಸ್ವಭಾವದ ಮೇಲುಕೀಳುಗಳನ್ನು ಅನುಸರಿಸುವುದಿಲ್ಲ, ಮನುಷ್ಯನಿಗೆ ಅದರಿಂದಾಗುವ ಉಪಯೋಗವನ್ನು ಅನುಸರಿಸುತ್ತದೆ ಎನ್ನುತ್ತಾರೆ. ಸೃಷ್ಟಿಯ ಶ್ರೇಣಿಯಲ್ಲಿ ಜೀವವುಳ್ಳ ಇಲಿ ರೊಟ್ಟಿಗಿಂತ ಮೇಲು. ಆದರೆ ಮನೆಯಲ್ಲಿ ಇಲಿಯಿರಲೆಂದು ಬಯಸುವವರಾರು? ಇನ್ನು ಮಾರ್ಕ್ಸ್. 1867ರ ‘ಬಂಡವಾಳ’ದಲ್ಲಿ ಕಾರ್ಮಿಕನ ಶ್ರಮಶಕ್ತಿ ಅದರ ಪೂರ್ಣ ಮೌಲ್ಯಕ್ಕೇ ಮಾರಾಟವಾದರೂ ಶೋಷಣೆ ನಡೆಯುತ್ತದೆ, ಅವನ ವಾದದ ಬಿಗಿಯಿರುವುದೇ ಅಲ್ಲಿ. ವಿನಿಮಯದಲ್ಲಿ ಸಮತೆಯಿದ್ದರೆ ನ್ಯಾಯವಿದೆ ಎಂದು ನಂಬಿದ ಪಂಡಿತಪರಂಪರೆಗೆ ಅವನನ್ನು ಸೇರಿಸುವುದು ಹೇಗೆ?

ಎರಡನೆಯವರು ರೇಮಂಡ್ ಡಿ ರೂವರ್. 1958ರ ಲೇಖನದಲ್ಲಿ ಅವರು ಟಾನಿಯವರ ಬಗೆಯ ಓದನ್ನು ತಲೆಕೆಳಗಾಗಿಸಿದರು: ಅಧಿಕಾರಿಗಳು ಬೆಲೆ ನಿಗದಿ ಮಾಡದಿದ್ದಾಗ, ಏಕಸ್ವಾಮ್ಯದ ಕಪಟವಿಲ್ಲದ ಮಾರುಕಟ್ಟೆಯಲ್ಲಿ ನಡೆಯುತ್ತಿರುವ ಬೆಲೆಯೇ ನ್ಯಾಯಬೆಲೆ. ಗ್ರಂಥಾಧಾರ ಇವರ ಕಡೆಗೆ ಹೆಚ್ಚು ವಾಲುತ್ತದೆಂದು ನಾವು ಒಪ್ಪಲೇಬೇಕು. ಬರಪೀಡಿತ ಊರಿಗೆ ಗೋಧಿ ತಂದ ವ್ಯಾಪಾರಿಯ ಉದಾಹರಣೆ ಪ್ರಸಿದ್ಧ. ಹಿಂದೆ ಇನ್ನೂ ಅನೇಕರು ಧಾನ್ಯ ತರುತ್ತಿದ್ದಾರೆಂದು ಬಲ್ಲ ಆತ ಅದನ್ನು ತಿಳಿಸದೆ ಅಂದಿನ ಬೆಲೆಗೇ ಮಾರಿದರೆ ನ್ಯಾಯಕ್ಕೆ ಭಂಗವಿಲ್ಲ. ತಿಳಿಸಿದರೆ ಅದು ಹೆಚ್ಚಿನ ಸದ್ಗುಣ ಎಂದು ಅಕ್ವಿನಾಸರು ಹೇಳುತ್ತಾರೆ. ಅದೇ ಶತಮಾನದ ಫ್ರಾನ್ಸಿಸ್ಕನ್ ಪಂಡಿತ ಪೀಟರ್ ಜಾನ್ ಓಲಿವಿ ವಸ್ತುವಿನ ವಿರಳತೆಯನ್ನೂ ಕೊಳ್ಳುವವರ ಇಷ್ಟವನ್ನೂ ಮೌಲ್ಯದ ಮೂಲಗಳೆಂದು ಎಣಿಸಿದ್ದನು. 1871ರಲ್ಲಿ ಮೆಂಗರ್ ಮತ್ತು ಜೆವನ್ಸ್ ಕಟ್ಟಿದ ಸಿದ್ಧಾಂತಕ್ಕೆ ಇದು ದೂರದ ಬಂಧು.

ಹಾಗಾದರೆ ಡಿ ರೂವರ್ ಗೆದ್ದರೆ? ಅವರ ಓದಿನಲ್ಲಿ ಒಂದು ವಾಕ್ಯಕ್ಕೆ ಸಿಗಬೇಕಾದ ತೂಕ ಸಿಕ್ಕಿಲ್ಲವೆಂಬುದು ನಮ್ಮ ಆಕ್ಷೇಪ. ಆ ಪ್ರಶ್ನೆಯ ಮೊದಲನೆಯ ಅಧಿಕರಣದಲ್ಲಿಯೇ ಅಕ್ವಿನಾಸರು ಎರಡು ಸಂದರ್ಭಗಳನ್ನು ಬೇರ್ಪಡಿಸುತ್ತಾರೆ. ವಸ್ತುವನ್ನು ಬಿಟ್ಟುಕೊಡುವುದರಿಂದ ಮಾರುವವನಿಗೆ ನಷ್ಟವಾಗುವುದಾದರೆ ಆ ನಷ್ಟವನ್ನು ಬೆಲೆಗೆ ಸೇರಿಸಬಹುದು. ಆದರೆ ಕೊಳ್ಳುವವನ ಅಗತ್ಯ ತೀವ್ರವಾಗಿದೆ ಎಂಬ ಒಂದೇ ಕಾರಣಕ್ಕೆ ಬೆಲೆ ಏರಿಸಕೂಡದು. ಏಕೆಂದರೆ ಆ ಅಗತ್ಯ ಮಾರುವವನ ಸ್ವತ್ತಲ್ಲ. ತನ್ನದಲ್ಲದ್ದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಬೆಲೆ ಹುಟ್ಟುವುದು ಮನುಷ್ಯನ ಅಗತ್ಯದಿಂದ ಎಂದ ಅದೇ ಗುರು, ಒಬ್ಬ ಮನುಷ್ಯನ ಅಗತ್ಯಕ್ಕೆ ಬೆಲೆ ಕಟ್ಟಬಾರದು ಎನ್ನುತ್ತಾರೆ! ಇಲ್ಲಿ ವಿರೋಧವಿಲ್ಲ. ಎಲ್ಲರ ಅಗತ್ಯ ಸೇರಿ ಬೆಲೆಯನ್ನು ರೂಪಿಸುತ್ತದೆ, ಒಬ್ಬನ ಸಂಕಟ ಅದನ್ನು ಹಿಗ್ಗಿಸಬಾರದು ಎಂದು ಡಿ ರೂವರ್ ಪಕ್ಷದವರು ಸಮಾಧಾನ ಹೇಳಬಹುದು; ಗೋಧಿಯ ಮಟ್ಟಿಗೆ ಆ ಸಮಾಧಾನ ಸಾಕು.

ಕೂಲಿಯ ಮಟ್ಟಿಗೆ ಸಾಲದು. ದುಡಿಯಲು ಬಂದವರೆಲ್ಲರೂ ಇಂದಿನ ಊಟಕ್ಕಾಗಿ ಇಂದೇ ಒಪ್ಪಿಕೊಳ್ಳಬೇಕಾದವರಾಗಿದ್ದರೆ, ಅಲ್ಲಿ ‘ನಡೆಯುತ್ತಿರುವ ದರ’ ಎಂಬುದು ಅವರೆಲ್ಲರ ಸಂಕಟದ ಮೊತ್ತವೇ ಆಗಿರುತ್ತದೆ. ಒಬ್ಬನ ವಿಷಯದಲ್ಲಿ ನಿಷಿದ್ಧವಾದದ್ದು ಸಾವಿರ ಜನರ ವಿಷಯದಲ್ಲಿ ‘ಮಾರುಕಟ್ಟೆ’ ಎಂಬ ಹೆಸರು ಪಡೆದರೆ ನಿರ್ದೋಷವಾಗುವುದೆ? ಅಕ್ವಿನಾಸರು ಈ ಪ್ರಶ್ನೆಯನ್ನು ಹೀಗೆ ಕೇಳಲಿಲ್ಲ. ಅವರ ತರ್ಕವನ್ನು ನಾವು ಮುಂದಕ್ಕೆ ಒಯ್ಯುತ್ತಿದ್ದೇವೆಂದು ಪ್ರಾಮಾಣಿಕವಾಗಿ ಹೇಳಬೇಕು. ಆದರೆ ಈ ಹಾದಿ ನಮ್ಮ ಕಲ್ಪನೆಯಲ್ಲ. 1891ರ ‘ರೇರುಂ ನೊವಾರುಂ’ ಪರಿಪತ್ರದಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು, ಒಪ್ಪಂದಕ್ಕಿಂತ ಹಿರಿದಾದ ಸ್ವಾಭಾವಿಕ ನ್ಯಾಯವೊಂದಿದೆ ಎಂದರು. ಅಗತ್ಯಕ್ಕೋ ಭಯಕ್ಕೋ ಸಿಲುಕಿ ಕಾರ್ಮಿಕನು ಕಡಿಮೆಗೆ ಒಪ್ಪಿದರೆ ಅದನ್ನು ಬಲಾತ್ಕಾರವೆಂದೇ ಎಣಿಸಿದರು. ಟಾನಿಯವರು ಶ್ರಮದಲ್ಲಿ ಹುಡುಕಿದ್ದನ್ನು ಲಿಯೋ ಅವರು ಅಗತ್ಯದ ಕಡೆಯಿಂದ ಬಂದು ಕಂಡರು ಎನ್ನಬಹುದು. ನಮ್ಮ ಭಾಷೆಯ ‘ಬೆಲೆಬಾಳು’ ಎಂಬ ಮಾತಿನಲ್ಲಿ ಬೆಲೆಯೂ ಬಾಳೂ ಒಟ್ಟಿಗೆ ನಿಂತಿರುವುದು ಈ ಸಂದರ್ಭದಲ್ಲಿ ನೆನಪಾಗದಿರದು.

ಇದು ಗ್ರಂಥಾಲಯದೊಳಗಿನ ವ್ಯಾಜ್ಯವಷ್ಟೇ ಅಲ್ಲ. ಇಂದಿನ ಗುರು ಅಭ್ಯರ್ಥಿ ನಾಳೆ ಪಾಪನಿವೇದನೆ ಕೇಳಲು ಕುಳಿತಾಗ, ಮನೆಗೆಲಸದವಳಿಗೋ ತೋಟದ ಆಳಿಗೋ ಸಂಬಳ ಕೊಡುವ ಒಬ್ಬರು ಬಂದು, ‘ಸ್ವಾಮಿ, ಊರಿನಲ್ಲಿ ಎಲ್ಲರೂ ಕೊಡುವಷ್ಟೇ ಕೊಡುತ್ತಿದ್ದೇನೆ’ ಎನ್ನಬಹುದು. ಡಿ ರೂವರ್ ಅವರನ್ನು ಮಾತ್ರ ಓದಿದವನು ಅಲ್ಲಿಗೇ ಮುಗಿಸುತ್ತಾನೆ. ಟಾನಿಯವರನ್ನು ಮಾತ್ರ ಓದಿದವನು ಕೆಲಸದ ಗಂಟೆಗಳನ್ನು ಲೆಕ್ಕಹಾಕತೊಡಗುತ್ತಾನೆ. ಮೊದಲನೆಯ ಅಧಿಕರಣವನ್ನು ಓದಿದವನು ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ‘ಇಷ್ಟಕ್ಕೆ ಅವಳು ಏಕೆ ಒಪ್ಪಿಕೊಂಡಳು?’