ಒಲೆ ಮೇಲೆ ಸಾರಿಟ್ಟು ಪತ್ತೇದಾರಿಕೆ

‘ಬೆಲ್ ಬಾಟಂ’ ಬಗ್ಗೆ ಬರೆಯಬೇಕೆಂದಿದ್ದೆ. ಪತ್ತೇದಾರಿ ಕಾದಂಬರಿ ಓದಿ ಓದಿ ತಲೆ ಕೆಡಿಸಿಕೊಂಡ ದಿವಾಕರ, ಪೊಲೀಸ್ ಠಾಣೆಗಳಿಗೇ ಕನ್ನ ಹಾಕುವ ಕಳ್ಳ, ಜಯತೀರ್ಥರ 2019ರ ಆ ಸಿನಿಮಾ ನಿಮಗೆಲ್ಲ ಗೊತ್ತು. ಬರೆಯಲು ಕೂತರೆ ಹರಿಣಿ ನಾಗೇಂದ್ರ ಅವರ ಪತ್ತೇದಾರಿ ಕಾದಂಬರಿಯ ಕಾವೇರಿ ಬಂದು ಅಡ್ಡ ನಿಂತಳು.

‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ 2022ರಲ್ಲಿ ಇಂಗ್ಲಿಷಿನಲ್ಲಿ ಬಂತು. ಬರೆದವರು ನಮ್ಮ ಬೆಂಗಳೂರಿನ ಕೆರೆ, ಮರಗಳ ಮೇಲೆ ಸಂಶೋಧನೆ ಮಾಡಿದ ಪರಿಸರ ವಿಜ್ಞಾನಿ. ಕಥೆ ನಡೆಯುವುದು 1921ರಲ್ಲಿ. ಹೊಸದಾಗಿ ಸಂಸಾರಕ್ಕೆ ಬಂದ ಕಾವೇರಿಗೆ ಗಣಿತದ ಹುಚ್ಚು. ಅತ್ತೆಗೆ ಸೊಸೆ ಓದುವುದು ಹಿಡಿಸದು. ಗಂಡ ರಾಮು ಬೌರಿಂಗ್ ಆಸ್ಪತ್ರೆ ಡಾಕ್ಟರು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಸೆಂಚುರಿ ಕ್ಲಬ್ಬಿನಲ್ಲಿ ಔತಣದ ರಾತ್ರಿ ಕೊಲೆಯಾಗುತ್ತದೆ. ಇನ್ಸ್‌ಪೆಕ್ಟರ್ ಇಸ್ಮಾಯಿಲ್ ಬರುತ್ತಾರೆ, ಸಭ್ಯರು, ಬುದ್ಧಿವಂತರು. ಆದರೆ ಅವರ ಬೂಟು ಹಿತ್ತಲ ಬಾಗಿಲು ದಾಟುವ ಹಾಗಿಲ್ಲ. ಕಾವೇರಿಯೂ ಪಕ್ಕದ ಮನೆ ಉಮಾ ಆಂಟಿಯೂ ಹೆಂಗಸರ ಜೊತೆ ಕೂತು ಮಾತಾಡಬಲ್ಲರು. ಅರ್ಧ ಕೇಸು ಅಲ್ಲಿಯೇ ಬಿಡಿಸಿಕೊಳ್ಳುತ್ತದೆ.

ಈ ಜಾತಿಯ ಪುಸ್ತಕಗಳ ರುಚಿ ಇರುವುದು ಕೊಲೆಯಲ್ಲಲ್ಲ, ಕೊಲೆಯಾದರೂ ನಿಲ್ಲದ ಮನೆಗೆಲಸದಲ್ಲಿ. ಪತ್ತೇದಾರಿಣಿಗೆ ಬೇರೆ ಕೆಲಸ ಬಾಕಿ ಇರಬೇಕು. ಒಲೆ ಮೇಲೆ ಸಾರು, ಬಾಗಿಲಲ್ಲಿ ಹಾಲಿನವನು, ಸಂಜೆಗೆ ನೆಂಟರು; ಇದರ ನಡುವೆ ಕೊಲೆಗಾರನನ್ನೂ ಹುಡುಕಬೇಕು.

ರಕ್ತದ ಶಾಲೆಯವರಿಗೆ ಇದನ್ನು ಹೇಳಿ ನೋಡಿ, ‘ಅಜ್ಜಿಯರ ಓದು’ ಅಂತ ಮೂಗು ಮುರಿಯುತ್ತಾರೆ. ಅವರ ವೆಬ್ ಸರಣಿಗಳನ್ನು ನಾನೂ ನೋಡಿದ್ದೇನೆ. ಮೊದಲ ಹತ್ತು ನಿಮಿಷಕ್ಕೆ ಮೂರು ಹೆಣ. ತನಿಖಾಧಿಕಾರಿಗೆ ನಿದ್ದೆಯಿಲ್ಲ, ಹೆಂಡತಿ ಬಿಟ್ಟು ಹೋಗಿದ್ದಾಳೆ, ಊರೆಲ್ಲ ಮಳೆ. ಇಡೀ ಸೀಸನ್ನಿನಲ್ಲಿ ಒಬ್ಬರೂ ನೆಟ್ಟಗೆ ಕೂತು ಒಂದು ಲೋಟ ಕಾಫಿ ಕುಡಿಯುವುದಿಲ್ಲ.

ನಮ್ಮ ಹಳಬರ ಮೇಲೂ ನನ್ನದೊಂದು ತಕರಾರಿದೆ, ಪ್ರೀತಿಯಿಂದಲೇ. ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರ ಕೈಯೂ ಪತ್ತೇದಾರಿ ಬರೆದ ಕೈಯೇ. ಬಾಡಿಗೆ ಲೈಬ್ರರಿಗಳ ಹೊಟ್ಟೆ ತುಂಬಿದ್ದು ಇಂಥವರಿಂದ. ಆದರೆ ಪುರುಷೋತ್ತಮನಿಗೆ ಪತ್ತೇದಾರಿಕೆಯೇ ಕಸುಬು. ಅವನ ಸಾರು ಉಕ್ಕುವುದೇ ಇಲ್ಲ! ಎದುರಿಗೇ ವಠಾರವಿತ್ತು. ಒಂದೇ ನಲ್ಲಿ, ಹತ್ತು ಮನೆ, ಇಪ್ಪತ್ತು ಜೊತೆ ಕಿವಿ. ಅಲ್ಲಿಂದ ಒಬ್ಬ ಪದ್ದಮ್ಮನೋ ಸಾತಮ್ಮನೋ ಎದ್ದು ಬಂದು ಪತ್ತೇದಾರಿಣಿಯಾಗಿ ಮನೆಮಾತಾಗಲಿಲ್ಲವಲ್ಲ ಎಂಬುದೇ ನನ್ನ ಕೊರಗು. ಆ ದಾರಿಗೆ ಹತ್ತಿರ ಬಂದವರು ತೇಜಸ್ವಿ. ‘ಜುಗಾರಿ ಕ್ರಾಸ್’ನ ಸುರೇಶ, ಗೌರಿ ಏಲಕ್ಕಿ ಬೆಳೆಯುವ ಗಂಡಹೆಂಡತಿ, ಒಂದು ದಿನದ ಪ್ರಯಾಣದಲ್ಲಿ ಹಳೆಯ ಕಾವ್ಯವೊಂದರ ಒಗಟಿಗೆ ಸಿಕ್ಕಿಕೊಳ್ಳುತ್ತಾರೆ. ಪಿಸ್ತೂಲು ಹಿಡಿದ ವೃತ್ತಿಪರರು ಯಾರೂ ಅವರ ನೆರವಿಗಿಲ್ಲ.

ವಠಾರ ಹೋಗಿ ಅಪಾರ್ಟ್‌ಮೆಂಟು ಬಂತು, ಸಿಸಿಟಿವಿ ಇದೆ, ಇನ್ನು ಅಂಥ ಪತ್ತೇದಾರಿಕೆ ಎಲ್ಲಿ ಅನ್ನುವವರು ನಮ್ಮ ಹೊಸಕೆರೆಹಳ್ಳಿಗೆ ಬರಲಿ. ಕೆರೆಕೋಡಿ ಕಡೆಯ ನಮ್ಮ ಅಡ್ಡರಸ್ತೆಯಲ್ಲಿ ಒಂದು ಕರಿಬೇವಿನ ಗಿಡ ದಿನಾ ಬೋಳಾಗುತ್ತಿತ್ತು. ಕ್ಯಾಮೆರಾ ಗೇಟನ್ನು ನೋಡುತ್ತಿತ್ತೇ ಹೊರತು ಗಿಡವನ್ನಲ್ಲ. ಎದುರುಮನೆ ಅಜ್ಜಿ ಕನ್ನಡಕ ಏರಿಸಿ ಕಡ್ಡಿಯ ತುದಿ ಸವರಿ ನೋಡಿದರು. “ಕೈಯಲ್ಲಿ ಕಿತ್ತಿದ್ರೆ ಸಿಪ್ಪೆ ಸುಲ್ಕೊಂಡು ಬರ್ತಿತ್ತು ಕಣಪ್ಪ. ಇದು ಕತ್ತರಿ. ಬೆಳಿಗ್ಗೆ ಬೆಳಿಗ್ಗೆ ಕತ್ತರಿ ಹಿಡ್ಕೊಂಡು ವಾಕಿಂಗ್ ಹೋಗೋರು ಯಾರು?”

ಯಾರೆಂದು ಬೀದಿಗೆಲ್ಲ ಗೊತ್ತು: ದೇವರ ಪೂಜೆಗೆ ಕಂಡವರ ಕಾಂಪೌಂಡಿನ ಹೂ ಕತ್ತರಿಸುವ ರಿಟೈರ್ಡ್ ಯಜಮಾನರು. ಅಜ್ಜಿ ಕೂಗಾಡಲಿಲ್ಲ. ಒಂದು ತಟ್ಟೆ ಉಪ್ಪಿಟ್ಟು, ಅದರ ಪಕ್ಕಕ್ಕೆ ಒಂದು ಕಂತೆ ಕರಿಬೇವು ಇಟ್ಟು ಅವರ ಮನೆಗೆ ಕಳಿಸಿಕೊಟ್ಟರು. ಮಾರನೇ ದಿನದಿಂದ ಗಿಡ ಚಿಗುರತೊಡಗಿತು. ತಟ್ಟೆಯನ್ನು ಬರಿದಾಗಿ ಕಳಿಸಬಾರದಲ್ಲ, ಮೇಲೆ ಎರಡು ನಿಂಬೆಹಣ್ಣು ಬಂತು. ಅವು ಯಾರ ಮನೆ ಗಿಡದ್ದು ಎಂಬ ವಿಚಾರಣೆ ಈಗ ಜಾರಿಯಲ್ಲಿದೆ.