ಬೀಳ್ಕೊಟ್ಟು ಮರಳಿದವನ ಕಥೆ

ಸಿನೆಮಾ ಮುಗಿಸಿ ಹೊರಗೆ ಬಂದವರು ‘ಕಥೆ ಚೆನ್ನಾಗಿದೆ’ ಎನ್ನುತ್ತಾರೆ, ‘ನಟನೆ ಚೆನ್ನಾಗಿದೆ’ ಎನ್ನುತ್ತಾರೆ. ‘ಚಿತ್ರಕಥೆ ಚೆನ್ನಾಗಿದೆ’ ಎನ್ನುವವರು ಅಪರೂಪ. ಉರ್ದು ಬಲ್ಲ ಮನೆಗಳಲ್ಲಂತೂ ಸಂಭಾಷಣೆಯೇ ಸರ್ವಸ್ವ. ‘ಮುಘಲ್-ಎ-ಆಝಮ್’ನ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ಹಿರಿಯರ ನಡುವೆ ಬೆಳೆದ ನಾವು ಕೂಡ ಬಹುಕಾಲ ಸಿನೆಮಾ ಬರವಣಿಗೆ ಎಂದರೆ ಒಳ್ಳೆಯ ಮಾತುಗಳನ್ನು ಬರೆಯುವುದು ಎಂದೇ ತಿಳಿದಿದ್ದೆವು. ಈ ತಿಳಿವಳಿಕೆ ತಪ್ಪು ಎಂದು ನಮಗೆ ಮನವರಿಕೆ ಮಾಡಿಕೊಟ್ಟ ಚಿತ್ರ ‘ಗರ್ಮ್ ಹವಾ’. ಅದರ ಸಂಭಾಷಣೆ ಬರೆದವರು ಕೈಫಿ ಆಝ್ಮಿ. ಅಂದಮೇಲೆ ಮಾತುಗಳು ಸೊಗಸಾಗಿರುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಆ ಮಾತುಗಳನ್ನೆಲ್ಲ ತೆಗೆದುಹಾಕಿ ನೋಡಿದರೂ ಚಿತ್ರ ನಿಲ್ಲುತ್ತದೆ. ಅದು ಹೇಗೆ ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

1973ರಲ್ಲಿ ತಯಾರಾದ ಈ ಚಿತ್ರದ ನಿರ್ದೇಶಕರು ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು. ಮೂಲ ಇಸ್ಮತ್ ಚುಗ್ತಾಯಿ ಅವರ ಒಂದು ಅಪ್ರಕಟಿತ ಕಥೆ. ಚಿತ್ರಕಥೆಯನ್ನು ಶಮಾ ಜೈದಿ ಮತ್ತು ಕೈಫಿ ಆಝ್ಮಿ ಸೇರಿ ಬರೆದರು. ಕೋಮು ಗಲಭೆಯ ಭಯದಿಂದ ಸೆನ್ಸಾರ್ ಮಂಡಳಿ ತಿಂಗಳುಗಟ್ಟಲೆ ತಡೆಹಿಡಿದಿದ್ದ ಚಿತ್ರ ಕೊನೆಗೆ ತೆರೆ ಕಂಡದ್ದು ಮೊದಲು ಬೆಂಗಳೂರಿನಲ್ಲಿ. ಇಲ್ಲಿನ ಜನ ಅದನ್ನು ಶಾಂತವಾಗಿ ನೋಡಿದ ಮೇಲೆಯೇ ಉಳಿದ ಊರುಗಳ ಬಾಗಿಲು ತೆರೆಯಿತು. ಕನ್ನಡಿಗರು ಇದನ್ನು ಆಗಾಗ ನೆನಪಿಸಿಕೊಳ್ಳಬೇಕು.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ದೇಶ ವಿಭಜನೆಯಾಗಿದೆ. ಆಗ್ರಾದ ಸಲೀಂ ಮಿರ್ಜಾ ಚಪ್ಪಲಿ, ಬೂಟುಗಳ ಕಾರ್ಖಾನೆಯ ಮಾಲಿಕ. ನೆಂಟರಿಷ್ಟರು ಒಬ್ಬೊಬ್ಬರಾಗಿ ಪಾಕಿಸ್ತಾನಕ್ಕೆ ಹೊರಡುತ್ತಾರೆ. ಭಾರತ ಬಿಡುವ ಕೊನೆಯ ಮುಸಲ್ಮಾನ ತಾನೇ ಎಂದು ಭಾಷಣ ಬಿಗಿಯುವ ಅಣ್ಣ ಹಲೀಂ ಮಿರ್ಜಾನೂ ಸದ್ದಿಲ್ಲದೆ ಗಂಟುಮೂಟೆ ಕಟ್ಟುತ್ತಾನೆ. ಸಲೀಂ ಮಾತ್ರ ಹೋಗುವುದಿಲ್ಲ. ಇಷ್ಟೇ ಕಥೆ. ಬಲರಾಜ್ ಸಾಹ್ನಿ ಅವರ ಕೊನೆಯ ಪಾತ್ರಗಳಲ್ಲಿ ಇದೂ ಒಂದು. ಡಬ್ಬಿಂಗ್ ಮುಗಿಸಿದ ಮರುದಿನವೇ ಅವರು ತೀರಿಕೊಂಡರು.

ಮೂಲ ಕಥೆಯಲ್ಲಿ ನಾಯಕ ಒಬ್ಬ ಸ್ಟೇಷನ್ ಮಾಸ್ತರ. ಕೈಫಿ ಅವರು ತಮಗೆ ಪರಿಚಯವಿದ್ದ ಚರ್ಮೋದ್ಯಮದ ಲೋಕವನ್ನು ತಂದು, ಅವನನ್ನು ಚಪ್ಪಲಿ ಕಾರ್ಖಾನೆಯ ಮಾಲಿಕನನ್ನಾಗಿ ಮಾಡಿದರು. ಕಥೆ ಬರೆಯುವ ನಮ್ಮಂಥವರಿಗೆ ಈ ಒಂದು ಬದಲಾವಣೆಯಲ್ಲಿ ದೊಡ್ಡ ಪಾಠವಿದೆ. ಸ್ಟೇಷನ್ ಮಾಸ್ತರ ನೋಡುವವನು. ಹೋಗುವವರನ್ನು ನೋಡುತ್ತಾನೆ, ಬರುವವರನ್ನು ನೋಡುತ್ತಾನೆ, ಮರುಗುತ್ತಾನೆ. ತಿಂಗಳ ಮೊದಲಿಗೆ ಅವನ ಸಂಬಳ ಬರುತ್ತದೆ. ಸಣ್ಣಕಥೆಗೆ ಇಂಥ ಮನುಷ್ಯ ಸಾಕು. ಅವನ ಎದೆಯೊಳಗಿನದನ್ನು ಕಥೆಗಾರ ಬರೆಯಬಲ್ಲ. ಕ್ಯಾಮೆರಾ ಎದೆಯೊಳಗೆ ಇಳಿಯುವುದಿಲ್ಲ. ಅದಕ್ಕೆ ವ್ಯವಹಾರ ಬೇಕು. ಚಪ್ಪಲಿ ಮಾಡುವವನಿಗೆ ಚರ್ಮ ಬೇಕು, ಕೂಲಿಯಾಳು ಬೇಕು, ಸಾಲ ಬೇಕು, ಆರ್ಡರು ಬೇಕು. ಇವೆಲ್ಲವೂ ನಂಬಿಕೆಯ ಮೇಲೆ ನಡೆಯುವಂಥವು. ವಿಭಜನೆ ಒಡೆದದ್ದು ಆ ನಂಬಿಕೆಯನ್ನು ಎಂದು ಹೇಳಲು ಈಗ ಯಾರೂ ಭಾಷಣ ಮಾಡಬೇಕಾಗಿಲ್ಲ. ಸಾಲ ಕೇಳಲು ಹೋದ ಸಲೀಂ ಮಿರ್ಜಾನ ಮುಖ ತೋರಿಸಿದರೆ ಸಾಕು. ಸಾಲ ಪಡೆದವರು ತೀರಿಸದೆ ಗಡಿ ದಾಟುತ್ತಿದ್ದಾರೆ, ಹಾಗಾಗಿ ನಿಮಗೂ ಇಲ್ಲ ಎನ್ನುವುದು ಅವನಿಗೆ ಸಿಗುವ ಉತ್ತರ. ಓಡಿಹೋದವರ ಬಾಕಿಯನ್ನು ಉಳಿದವನು ಕಟ್ಟಬೇಕು. ಇಡೀ ಚಿತ್ರಕಥೆಯ ಲೆಕ್ಕಾಚಾರ ಇದೊಂದೇ, ಅದನ್ನು ಬೇರೆ ಬೇರೆ ಪುಟಗಳಲ್ಲಿ ಮತ್ತೆ ಮತ್ತೆ ಬರೆಯಲಾಗಿದೆ.

ಸ್ಟೇಷನ್ ಮಾಸ್ತರ ಹೋದರೂ ಸ್ಟೇಷನ್ ಉಳಿಯಿತು. ಚಿತ್ರ ಶುರುವಾಗುವುದೇ ಅಲ್ಲಿ. ರೈಲು ಹೊರಡುತ್ತದೆ, ಸಲೀಂ ಕೈ ಬೀಸುತ್ತಾನೆ, ಹೊರಗೆ ಬಂದು ಟಾಂಗಾ ಹತ್ತುತ್ತಾನೆ. ಇವತ್ತು ಯಾರನ್ನು ಕಳಿಸಿಕೊಟ್ಟಿರಿ ಎಂದು ಟಾಂಗಾವಾಲಾ ಕೇಳುತ್ತಾನೆ. ನಾವೆಲ್ಲ ಊಹಿಸಿದ್ದಕ್ಕಿಂತ ಎಷ್ಟೋ ಸರಳವಾದ ಆರಂಭ. ವಿಭಜನೆಯ ಮೇಲೆ ಬಂದ ಬಹುಪಾಲು ಚಿತ್ರಗಳು ರೈಲಿನೊಳಗೆ ಕೂತವರ ಜೊತೆ ಹೋಗುತ್ತವೆ. ಅಲ್ಲಿ ಕತ್ತಿಯಿದೆ, ರಕ್ತವಿದೆ, ಬದುಕಿ ಉಳಿಯುವ ರೋಚಕತೆಯಿದೆ. ಇದು ಪ್ಲಾಟ್‌ಫಾರಂ ಮೇಲೆ ನಿಂತವನ ಜೊತೆ ಮನೆಗೆ ಮರಳುತ್ತದೆ. ಆಮೇಲೆ ಆ ರೈಲು, ಆ ಟಾಂಗಾ ಮತ್ತೆ ಮತ್ತೆ ಬರುತ್ತವೆ. ಪ್ರತಿ ಸಲವೂ ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಗಿರುತ್ತದೆ. ಅಣ್ಣ ಹೋದ, ಭಾವ ಹೋದ, ಕೊನೆಗೆ ಹಿರಿಯ ಮಗ ಬಾಕರ್ ಹೆಂಡತಿ ಮಕ್ಕಳೊಂದಿಗೆ ಹೋದ. ಮೊದಲ ವಿದಾಯದಲ್ಲಿ ನಾವು ಹೋಗುವವರನ್ನು ನೋಡುತ್ತೇವೆ. ಬಾಕರನ ಸರದಿ ಬರುವಷ್ಟರಲ್ಲಿ ಯಾರು ಹೋಗುತ್ತಿದ್ದಾರೆಂದು ನೋಡುವುದನ್ನೇ ಬಿಟ್ಟು, ನಿಂತ ಮನುಷ್ಯನ ಮುಖವನ್ನು ನೋಡತೊಡಗಿರುತ್ತೇವೆ. ಒಂದೇ ದೃಶ್ಯವನ್ನು ಮರಳಿ ಬರೆದರೆ ಬೇಸರವಾಗುತ್ತದೆಂದು ಸಿನೆಮಾ ಮಂದಿ ಹೆದರುತ್ತಾರೆ. ಇಲ್ಲಿ ಆ ಪುನರಾವರ್ತನೆಯೇ ಚಿತ್ರದ ಬೆನ್ನೆಲುಬು.

ಇನ್ನು ಮನೆ. ಪಿತ್ರಾರ್ಜಿತ ಹವೇಲಿ ಹಲೀಂ ಮಿರ್ಜಾನ ಹೆಸರಿನಲ್ಲಿದೆ. ತಮ್ಮನ ಹೆಸರಿಗೆ ಬರೆದುಕೊಡದೆಯೇ ಅವನು ಹೊರಟುಹೋಗುತ್ತಾನೆ. ದೇಶ ಬಿಟ್ಟುಹೋದವರ ಆಸ್ತಿಯೆಂದು ಸರಕಾರ ಅದನ್ನು ವಶಪಡಿಸಿಕೊಂಡು ಅಜ್ಮಾನಿ ಎಂಬ ಸಿಂಧಿ ವ್ಯಾಪಾರಿಗೆ ಕೊಡುತ್ತದೆ. ಸಾಧಾರಣ ಲೇಖಕನ ಕೈಯಲ್ಲಿ ಈ ಅಜ್ಮಾನಿ ಏನಾಗುತ್ತಿದ್ದ ಎಂದು ಯೋಚಿಸಿ. ಮುಸ್ಲಿಂ ಕುಟುಂಬವನ್ನು ಬೀದಿಗೆ ತಳ್ಳಿ ಹವೇಲಿ ಹೊಕ್ಕವನು! ಆದರೆ ಶಮಾ ಜೈದಿ ಮತ್ತು ಕೈಫಿ ಅವನಿಗೆ ಸಂಕೋಚವನ್ನು ಕೊಟ್ಟಿದ್ದಾರೆ. ಅವನೂ ಆಚೆ ಮನೆ ಕಳೆದುಕೊಂಡು ಬಂದವನೇ. ಆ ಪಾತ್ರ ಮಾಡಿದ ಎ.ಕೆ. ಹಾನಗಲ್ ಸ್ವತಃ ಕರಾಚಿಯಲ್ಲಿ ಜೈಲು ಕಂಡು, ವಿಭಜನೆಯ ನಂತರ ಮುಂಬಯಿಗೆ ಬಂದವರು. ರಾವಲ್ಪಿಂಡಿಯ ಬಲರಾಜ್ ಸಾಹ್ನಿ ಊರು ಬಿಡದವನ ಪಾತ್ರದಲ್ಲಿ, ಕರಾಚಿಯ ಹಾನಗಲ್ ಊರು ಬಿಟ್ಟು ಬಂದವನ ಪಾತ್ರದಲ್ಲಿ ಎದುರುಬದುರು ನಿಂತದ್ದು ಕಾಕತಾಳೀಯವಿರಬಹುದು. ಆದರೆ ಇಬ್ಬರಿಗೂ ನಿಲ್ಲಲು ಸಮಾನ ನೆಲ ಸಿಕ್ಕಿದ್ದು ಚಿತ್ರಕಥೆಯಿಂದ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಚಿತ್ರ ನೋಡುವಾಗ ‘ಇದು ನಮ್ಮ ಕಥೆ’ ಎಂದು ನಮ್ಮ ಕಣ್ಣು ಒದ್ದೆಯಾಗುತ್ತದೆ. ನಮ್ಮ ಕಥೆಯೆಂಬ ಕಾರಣಕ್ಕೇ ಅದನ್ನು ಶ್ರೇಷ್ಠವೆಂದರೆ ಅದು ವಿಮರ್ಶೆಯಲ್ಲ, ನೆಂಟಸ್ತಿಕೆ. ನಮ್ಮವರಲ್ಲದವರನ್ನು ಬರಹಗಾರರು ಹೇಗೆ ಬರೆದಿದ್ದಾರೆ ಎಂಬುದರ ಮೇಲೆ ಚಿತ್ರಕಥೆಯ ತೂಕ ತಿಳಿಯುತ್ತದೆ. ಆ ತಕ್ಕಡಿಯಲ್ಲಿ ‘ಗರ್ಮ್ ಹವಾ’ ಗೆಲ್ಲುತ್ತದೆ. ವಿಚಿತ್ರವೆಂದರೆ ಅದು ಸ್ವಲ್ಪ ಸೋಲುವುದು ನಮ್ಮವನೇ ಆದ ಫಕ್ರುದ್ದೀನನ ಪಾತ್ರದಲ್ಲಿ. ಲೀಗಿನಿಂದ ಕಾಂಗ್ರೆಸ್ಸಿಗೆ ಹಾರುವ ಈ ಸಮಯಸಾಧಕ ಬಂದಾಗಲೆಲ್ಲ ಬರಹಗಾರರು ನಮ್ಮತ್ತ ಕಣ್ಣು ಮಿಟುಕಿಸಿದಂತೆ ಅನಿಸುತ್ತದೆ. ಸಲೀಮನಿಗೆ ತೋರಿದ ತಾಳ್ಮೆಯನ್ನು ಇವನಿಗೆ ತೋರಿಲ್ಲ.

ಹವೇಲಿ ಬಿಡುವ ದಿನ ಸಲೀಮನ ವೃದ್ಧ ತಾಯಿ ಕಾಣೆಯಾಗುತ್ತಾಳೆ. ಎಲ್ಲರೂ ಹುಡುಕುತ್ತಾರೆ. ಆಕೆ ಸೌದೆ ಕೋಣೆಯಲ್ಲಿ ಅವಿತು ಕೂತಿದ್ದಾಳೆ. ಮಕ್ಕಳಾಟದಂತೆ ಕಾಣುವ ಈ ದೃಶ್ಯಕ್ಕೆ ಮೊದಲು ನಗು ಬರುತ್ತದೆ, ಮರುಕ್ಷಣ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ. ಮುಂದೆ ಆಕೆ ಸಾವಿನ ಅಂಚಿನಲ್ಲಿದ್ದಾಗ ಪ್ರಾಣ ಹೋಗದೆ ಒದ್ದಾಡುತ್ತಾಳೆ. ಅಜ್ಮಾನಿಯ ಅನುಮತಿ ಪಡೆದು ಪಲ್ಲಕ್ಕಿಯಲ್ಲಿ ಹವೇಲಿಗೆ ಕರೆತರುತ್ತಾರೆ. ಮದುವಣಗಿತ್ತಿಯಾಗಿ ಆ ಮನೆಗೆ ಬಂದ ದಿನದ ವಾದ್ಯ ಆಕೆಯ ಕಿವಿಗೆ ಕೇಳುತ್ತದೆ. ಪರದೆಯ ಮೇಲೆ ಕಾಣುವುದು ಮುದುಕಿಯ ಮುಖ ಮಾತ್ರ. ಹಿಂದಿನ ಕಥೆಯನ್ನು ತೋರಿಸಲು ಹತ್ತು ನಿಮಿಷ ಹಿಂದಕ್ಕೆ ಹೋಗುವ ಚಿತ್ರಗಳನ್ನು ನಾವು ಎಷ್ಟು ನೋಡಿಲ್ಲ! ಇಲ್ಲಿ ಪಲ್ಲಕ್ಕಿಯೊಂದೇ ಆ ಕೆಲಸ ಮಾಡಿತು. ಹೆಣ್ಣು ಗಂಡನ ಮನೆಗೆ ಬರುವುದು ಪಲ್ಲಕ್ಕಿಯಲ್ಲಿ, ಹೋಗುವುದು ಜನಾಜಾದಲ್ಲಿ ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಮಾತು ಅಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಈ ಮನೆಯ ಎಳೆ ಎಷ್ಟು ದೂರ ಹೋಗುತ್ತದೆಂದರೆ, ಕರಾಚಿಯಲ್ಲಿರುವ ಅಣ್ಣನಿಗೆ ಹವೇಲಿಯ ನಕ್ಷೆ ಕಳಿಸಿದ್ದಕ್ಕೆ ಸಲೀಮನನ್ನು ಗೂಢಚಾರನೆಂದು ಬಂಧಿಸಲಾಗುತ್ತದೆ. ಅಡುಗೆಮನೆ, ಅಂಗಳ, ಜಗಲಿ ಇರುವ ಒಂದು ಕಾಗದ! ನ್ಯಾಯಾಲಯ ಬಿಡುಗಡೆ ಮಾಡುತ್ತದೆ, ಬೀದಿ ಬಿಡುಗಡೆ ಮಾಡುವುದಿಲ್ಲ. ಗಲಭೆಯನ್ನು ಚಿತ್ರದಲ್ಲಿ ತುಂಬ ಕಡಿಮೆ ತೋರಿಸಿದ್ದಾರೆ. ಬೆಂಕಿಗಿಂತ ಕಾಗದಗಳು ಹೆಚ್ಚು ಸುಡುತ್ತವೆ ಎಂಬುದು ಬರಹಗಾರರಿಗೆ ಗೊತ್ತಿತ್ತು.

ಹವೇಲಿ ಹೋದ ಮೇಲೆ ಬಾಡಿಗೆ ಮನೆ ಹುಡುಕಬೇಕು. ಅಲ್ಲೊಂದು ದೃಶ್ಯವಿದೆ. ಹಲವು ಕಡೆ ಇಲ್ಲವೆನಿಸಿಕೊಂಡ ಸಲೀಂ ಕೊನೆಗೆ ಒಬ್ಬ ಮಾಲಿಕನಿಗೆ ಮೊದಲೇ ಹೇಳಿಬಿಡುತ್ತಾನೆ, ತಾನು ಮುಸಲ್ಮಾನ, ಈಗಲೂ ಮನೆ ತೋರಿಸುತ್ತೀರಾ ಎಂದು. ನನಗೆ ಧರ್ಮ ಬೇಡ, ಬಾಡಿಗೆ ಬೇಕು ಎನ್ನುತ್ತಾನೆ ಮಾಲಿಕ. ನೋಡುವವರ ಎದೆ ಹಗುರಾಗುವಷ್ಟರಲ್ಲಿ ಒಂದು ವರ್ಷದ ಬಾಡಿಗೆ ಮುಂಗಡವಾಗಿ ಕೊಡಬೇಕೆನ್ನುತ್ತಾನೆ. 2014ರಲ್ಲಿ ಚಿತ್ರ ಹೊಸ ಪ್ರತಿಯಾಗಿ ಮರುಬಿಡುಗಡೆಯಾದಾಗ ಈ ದೃಶ್ಯಕ್ಕೆ ನಾವು ಕುರ್ಚಿಯಲ್ಲಿ ಅಲುಗಾಡಿದ್ದು ನೆನಪಿದೆ. ಅದಕ್ಕೂ ಕೆಲವು ವರ್ಷ ಹಿಂದೆ ನಗರವೊಂದರಲ್ಲಿ ಮನೆ ಹುಡುಕುತ್ತ ಒಬ್ಬರಿಗೆ ಫೋನ್ ಮಾಡಿದ್ದೆವು. ಕನ್ನಡ ಕೇಳಿ ಖುಷಿಯಾಗಿ ನಾಳೆಯೇ ಬನ್ನಿ ಎಂದರು. ಹೆಸರು ಕೇಳಿದರು. ಹೇಳಿದೆವು. ಓ, ಮರೆತಿದ್ದೆ, ಅದನ್ನು ನಿನ್ನೆಯೇ ಕೊಟ್ಟಾಯಿತು ಎಂದರು. ‘ಬಾಡಿಗೆಗಿದೆ’ ಫಲಕ ಮುಂದಿನ ತಿಂಗಳೂ ಅಲ್ಲೇ ನೇತಾಡುತ್ತಿತ್ತು. ಈ ಅನುಭವದ ಮೇಲೆ ಕಥೆ ಬರೆಯಲು ಎರಡು ಬಾರಿ ಕೂತು ಎರಡು ಬಾರಿ ಹರಿದು ಹಾಕಿದ್ದೇವೆ. ಪ್ರತಿ ಸಲ ಮಾಲಿಕ ಖಳನಾಗುತ್ತಿದ್ದ, ನಾವು ಸಂತರಾಗುತ್ತಿದ್ದೆವು. ಚಿತ್ರದ ಆ ಮಾಲಿಕ ಖಳನಲ್ಲ. ಅವನ ಹಿಂದಿನ ಬಾಡಿಗೆದಾರ ಬಾಕಿ ಉಳಿಸಿ ಪಾಕಿಸ್ತಾನಕ್ಕೆ ಹೋಗಿದ್ದಾನೆ. ಅವನ ಲೆಕ್ಕ ಅವನಿಗೆ ಸರಿ. ಅದಕ್ಕೇ ಆ ದೃಶ್ಯ ಅಷ್ಟು ಚುಚ್ಚುತ್ತದೆ.

ಈ ಚಿತ್ರಕ್ಕೆ ಮುಂಚೆ ಹಿಂದಿ ತೆರೆಯ ಮೇಲೆ ಮುಸ್ಲಿಂ ಕಥೆಗಳಿರಲಿಲ್ಲವೆಂದಲ್ಲ. ‘ಚೌದ್ವೀ ಕಾ ಚಾಂದ್’, ‘ಮೇರೆ ಮೆಹಬೂಬ್’ ಇದ್ದವು. ನವಾಬರು, ಶೇರ್ವಾನಿ, ನಕಾಬಿನ ಹಿಂದಿನ ಕಣ್ಣುಗಳು, ಕವ್ವಾಲಿ. ‘ಗರ್ಮ್ ಹವಾ’ದಲ್ಲೂ ಕವ್ವಾಲಿಯಿದೆ, ಫತೇಪುರ್ ಸಿಕ್ರಿ, ತಾಜಮಹಲ್ ಇವೆ. ಆದರೆ ಸಾಲದ ಅರ್ಜಿ ಹಿಡಿದು ನಿಂತ ಮುಸಲ್ಮಾನ ಆ ಹಳೆಯ ಚಿತ್ರಗಳಲ್ಲಿ ಇರಲಿಲ್ಲ.

ಆಮಿನಾಳ ಬಗ್ಗೆ ನಮ್ಮ ಮನೆಯಲ್ಲಿ ಜಗಳವೇ ಆಗಿದೆ. ಸಲೀಮನ ಮಗಳು ಆಮಿನಾ ದೊಡ್ಡಪ್ಪನ ಮಗ ಕಾಝಿಮನನ್ನು ಪ್ರೀತಿಸುತ್ತಾಳೆ. ಅವನು ಪಾಕಿಸ್ತಾನಕ್ಕೆ ಹೋಗಿ, ಕಾಗದಪತ್ರಗಳಿಲ್ಲದೆ ಅವಳಿಗಾಗಿ ಮರಳಿ ಬಂದು, ಮದುವೆಯ ಹೊತ್ತಿಗೆ ಪೊಲೀಸರ ಕೈಗೆ ಸಿಗುತ್ತಾನೆ. ಆಮೇಲೆ ಶಂಶಾದ್. ಅವನೂ ಹೋಗುತ್ತಾನೆ. ಅವನ ತಾಯಿ ಮದುವೆಯ ಬಟ್ಟೆಬರೆ ಕೊಳ್ಳಲು ಬಂದಾಗ ಅದು ತನ್ನ ಮದುವೆಗೆ ಎಂದು ಆಮಿನಾ ನಂಬುತ್ತಾಳೆ. ಅದು ಬೇರೊಬ್ಬಳಿಗೆ ಎಂದು ತಿಳಿದಾಗ ಮದುಮಗಳ ಉಡುಪು ತೊಟ್ಟು ಪ್ರಾಣ ಕಳೆದುಕೊಳ್ಳುತ್ತಾಳೆ. ‘ಗಂಡಸರು ದೇಶ ಒಡೆದರು, ಸಾಯಬೇಕಾದವಳು ಹುಡುಗಿ. ಇದನ್ನೂ ದೊಡ್ಡ ಬರವಣಿಗೆ ಅಂತೀಯಾ?’ ಎಂದು ನಮ್ಮ ಆಪಾ ಕೇಳಿದರು. ವಿಭಜನೆಯಲ್ಲಿ ಆದದ್ದೂ ಹಾಗೆಯೇ ಅಲ್ಲವೇ ಆಪಾ, ಎಂದು ವಾದಿಸಿದೆವು. ಅವರು ಒಪ್ಪಲಿಲ್ಲ. ಈಗ ನೋಡಿದರೆ ಅವರ ಆಕ್ಷೇಪದಲ್ಲಿ ಹುರುಳಿದೆ. ಇಸ್ಮತ್ ಅವರ ಕಥೆಗಳನ್ನು ಉರ್ದುವಿನಲ್ಲಿ ಓದಿದ ನಮಗೆ ಗೊತ್ತು, ಅವರ ಹೆಣ್ಣುಮಕ್ಕಳು ಹಟಮಾರಿಗಳು, ಬಾಯಿ ಜೋರಿನವರು, ಅಷ್ಟು ಬೇಗ ಸೋಲುವವರಲ್ಲ. ಆ ಬಟ್ಟೆ ಖರೀದಿಯ ಪ್ರಸಂಗವಂತೂ ಕ್ರೂರವಾಗಿ, ಕರಾರುವಾಕ್ಕಾಗಿ ಬರೆದದ್ದು. ಅದರ ಮುಂದಿನ ಸಾವು ನಮಗೆ ಪರಿಚಿತ ದಾರಿಯಂತೆ ಕಾಣುತ್ತದೆ.

ಕೊನೆಯ ದೃಶ್ಯದ ಬಗ್ಗೆ ಐವತ್ತು ವರ್ಷಗಳಿಂದ ಚರ್ಚೆ ನಡೆದಿದೆ. ಕಾರ್ಖಾನೆ ಹೋಯಿತು, ಮಾನ ಹೋಯಿತು, ಮಗಳು ಹೋದಳು. ಸಲೀಂ ಕೊನೆಗೂ ಹೊರಡಲು ಒಪ್ಪುತ್ತಾನೆ. ಹೆಂಡತಿ ಜಮೀಲಾ, ಕಿರಿಯ ಮಗ ಸಿಕಂದರ್ ಜೊತೆ ಟಾಂಗಾ ಸ್ಟೇಷನ್ನಿನ ಕಡೆ ಹೊರಡುತ್ತದೆ. ದಾರಿಯಲ್ಲಿ ಕೆಲಸಕ್ಕಾಗಿ ಕೂಗುವವರ ಮೆರವಣಿಗೆ ಅಡ್ಡ ಬರುತ್ತದೆ. ಸಿಕಂದರ್ ಇಳಿದು ಸೇರಿಕೊಳ್ಳುತ್ತಾನೆ, ಹಿಂದೆಯೇ ಸಲೀಂ. ಎಡಪಂಥೀಯರ ಸಿದ್ಧ ಉತ್ತರ ಎಂದು ಹಲವರು ಮೂಗು ಮುರಿದರು. ಬರಹಗಾರರು, ನಿರ್ದೇಶಕರು, ನಟರು ಬಹುತೇಕ ಇಪ್ಟಾದ ಗರಡಿಯಿಂದ ಬಂದವರಾದ್ದರಿಂದ ಆ ಮಾತು ಸುಳ್ಳೇನಲ್ಲ. ಆದರೂ ಸಿಕಂದರನ ಮಟ್ಟಿಗೆ ಈ ಇಳಿಯುವಿಕೆಗೆ ಪೂರ್ವತಯಾರಿಯಿದೆ. ಬಿ.ಎ. ಮುಗಿಸಿ ಸಂದರ್ಶನಕ್ಕೆ ಹೋದಲ್ಲಿ ಪಾಕಿಸ್ತಾನಕ್ಕೆ ಹೋಗಬಾರದೇಕೆ ಎಂದು ಕೇಳಿಸಿಕೊಂಡವನು ಅವನು. ಚಹಾದಂಗಡಿಯಲ್ಲಿ ಅವನ ಜೊತೆ ಕೂತ ಕೆಲಸವಿಲ್ಲದ ಗೆಳೆಯರಲ್ಲಿ ಎಲ್ಲ ಜಾತಿ ಧರ್ಮದವರಿದ್ದಾರೆ. ಸಲೀಮನ ನಡೆಗೆ ಅಷ್ಟು ಆಧಾರವನ್ನು ಚಿತ್ರಕಥೆ ಕೊಟ್ಟಿಲ್ಲ. ಅಲ್ಲಿ ಬಲರಾಜ್ ಸಾಹ್ನಿ ಅವರ ಮುಖ ಬರವಣಿಗೆಯ ಕೊರತೆಯನ್ನು ತುಂಬಿದೆ.

ನಮ್ಮನ್ನು ಕಾಡುವುದು ಆ ಟಾಂಗಾದಲ್ಲಿ ಉಳಿದವಳು. ಸಲೀಂ ಇಳಿಯುವ ಮುನ್ನ ಜಮೀಲಾಳನ್ನು ಮನೆಗೆ ವಾಪಸು ಕರೆದೊಯ್ಯಲು ಟಾಂಗಾವಾಲಾನಿಗೆ ಹೇಳುತ್ತಾನೆ. ಮಗಳನ್ನು ಮಣ್ಣು ಮಾಡಿ, ಹಿರಿಮಗನನ್ನು ಗಡಿಯಾಚೆ ಕಳಿಸಿ, ಎಲ್ಲ ಗಂಟು ಕಟ್ಟಿಕೊಂಡು ಹೊರಟಿದ್ದ ಆಕೆ ಬಾಡಿಗೆ ಮನೆಯ ಬೀಗ ತೆಗೆದು ಒಬ್ಬಳೇ ಒಳಗೆ ಹೋಗಬೇಕು. ಗಂಟು ಬಿಚ್ಚಬೇಕು, ಒಲೆ ಹಚ್ಚಬೇಕು. ಸಂಜೆಗೆ ಇಬ್ಬರು ಗಂಡಸರು ಹಸಿದು ಬರುತ್ತಾರೆ. ಕ್ಯಾಮೆರಾ ಮೆರವಣಿಗೆಯ ಜೊತೆ ಹೋಯಿತು.