'ಓನ್ಲಿ' ಎಲ್ಲಿ ಕೂರಬೇಕು?

ರೆನ್ ಅಂಡ್ ಮಾರ್ಟಿನ್ ವ್ಯಾಕರಣದ ಮಾತು ಬಂದರೆ ನಮ್ಮ ಇಂಗ್ಲಿಷ್ ಮೇಷ್ಟ್ರುಗಳ ದನಿ ಈಗಲೂ ತಗ್ಗುತ್ತದೆ. ಎನ್.ಡಿ.ವಿ. ಪ್ರಸಾದರಾವ್ ಪರಿಷ್ಕರಿಸಿದ ಆ ದಪ್ಪ ಪುಸ್ತಕದ ಕಾಲಗಳ ಪಾಠದ ಬಗ್ಗೆ ನನಗೆ ತಕರಾರಿಲ್ಲ. ಕ್ರಿಯಾವಿಶೇಷಣದ ಸ್ಥಾನ ಹೇಳುವ ಅಧ್ಯಾಯಕ್ಕೆ ಸಿಕ್ಕಿರುವ ಮರ್ಯಾದೆ ಮಾತ್ರ ಅದರ ಯೋಗ್ಯತೆಗೆ ಮೀರಿದ್ದು.

'ಆಲ್ವೇಸ್', 'ನೆವರ್' ಮುಖ್ಯ ಕ್ರಿಯಾಪದಕ್ಕಿಂತ ಮೊದಲು, 'ಈಸ್', 'ವಾಸ್' ಆದ ಮೇಲೆ; 'ಎನಫ್' ಗುಣವಾಚಕದ ನಂತರ. ಇವೆಲ್ಲ ಸರಿ. ಎಡವಟ್ಟಾಗುವುದು 'ಓನ್ಲಿ'ಯಲ್ಲಿ. ಯಾವ ಪದಕ್ಕೆ ಅದು ಮಿತಿ ಹಾಕುತ್ತದೋ ಆ ಪದದ ಮೊದಲು, ಅದಕ್ಕೆ ತಾಗಿಕೊಂಡೇ ಇರಬೇಕೆಂಬುದು ಅಲ್ಲಿನ ನಿಯಮ. 'ಐ ಓನ್ಲಿ ಏಟ್ ಟೂ ಇಡ್ಲೀಸ್' ಎಂದು ಬರೆದ ಹುಡುಗನಿಗೆ ಕೆಂಪು ಶಾಯಿ. ತಿಂದದ್ದಷ್ಟೇ, ಬೇರೇನೂ ಮಾಡಲಿಲ್ಲವೇನೋ ಎಂಬ ವ್ಯಂಗ್ಯ ಬೇರೆ.

ಆ ವಾಕ್ಯವನ್ನೇ ಗಟ್ಟಿಯಾಗಿ ಹೇಳಿ ನೋಡಿ. ಒತ್ತು 'ಟೂ' ಮೇಲೆ ಬಿದ್ದರೆ ಎರಡೇ ಇಡ್ಲಿ. 'ಇಡ್ಲೀಸ್' ಮೇಲೆ ಬಿದ್ದರೆ ವಡೆ ಮುಟ್ಟಲಿಲ್ಲ. 'ಏಟ್' ಮೇಲೆ ಬಿದ್ದರೆ ತಿಂದೆನಷ್ಟೇ, ದುಡ್ಡು ಕೊಟ್ಟವರು ಯಾರೋ. ಪದ ಅಲುಗಲಿಲ್ಲ, ಅರ್ಥ ಮೂರಾಯಿತು. ಈ ಕೆಲಸವನ್ನು ಇಂಗ್ಲಿಷ್ ದನಿಗೆ ವಹಿಸಿದೆ. ಬರಹದಲ್ಲಾದರೆ ಹಿಂದುಮುಂದಿನ ವಾಕ್ಯಗಳಿಂದ ಓದುಗನೇ ಆ ದನಿ ಕಟ್ಟಿಕೊಳ್ಳುತ್ತಾನೆ. ಮಾತಿನಲ್ಲಿ 'ಓನ್ಲಿ' ಕ್ರಿಯಾಪದದ ಮೊದಲೇ ಬರುತ್ತದೆಂದು ಪುಸ್ತಕವೂ ಒಪ್ಪುತ್ತದೆ, ಆದರೆ ನಿಯಮ ವಿಧಿಸಿಯಾದ ಮೇಲೆ, ಚುಟುಕಾಗಿ. ಮೇಷ್ಟ್ರುಗಳು ಬಾಯಿಪಾಠ ಮಾಡಿಸಿದ್ದು ನಿಯಮವನ್ನು. 'ಎರಡೇ', 'ಇಡ್ಲಿಯನ್ನೇ' ಎಂದು ಒತ್ತನ್ನು ಪದಕ್ಕೇ ಅಂಟಿಸುವ ಕನ್ನಡಿಗರಿಗೆ ಅದು ಸಲೀಸಾಗಿ ರುಚಿಸಿತು ಕೂಡ.

ಇನ್ನು ಭಾಷಾಶುದ್ಧಿಯ ಕಾವಲುಗಾರರು. ಇವರು ಫೌಲರ್ ಹೆಸರೆತ್ತಿ ಹೆದರಿಸುತ್ತಾರೆ. 1926ರ ಆತನ ಕೋಶವನ್ನು ತೆರೆದು ನೋಡಿದಂತಿಲ್ಲ. ಒಬ್ಬ ಸತ್ತು ವಾರವಾಯಿತಷ್ಟೇ ಎನ್ನುವಾಗ 'ಓನ್ಲಿ'ಯನ್ನು 'ಡೈಡ್' ಎಂಬುದರ ಮೊದಲು ಇಟ್ಟವನನ್ನು ಪಂಡಿತರು ಗೇಲಿ ಮಾಡಿದ್ದರು. ಫೌಲರ್ ಅಲ್ಲಿ ತರಾಟೆಗೆ ತೆಗೆದುಕೊಂಡದ್ದು ಆ ಪಂಡಿತರನ್ನು. ಅಪಾರ್ಥದ ಭಯವಿಲ್ಲದ ಕಡೆ ಜನ ಬಳಸುವ ಪದಕ್ರಮವನ್ನು ಕೆಡಿಸಬಾರದೆಂಬುದೇ ಆತನ ನಿಲುವು. 'ಟು' ಮತ್ತು ಕ್ರಿಯಾಪದದ ನಡುವೆ ಕ್ರಿಯಾವಿಶೇಷಣ ತೂರಿಸುವುದನ್ನೂ ಆತ ಸಾರಾಸಗಟಾಗಿ ಬೇಡವೆನ್ನಲಿಲ್ಲ. ಶಾಲೆಯಲ್ಲಿ ಪಾಠ ಹೇಳಿದ ಮನುಷ್ಯನೇ, ಆದರೆ ಕಿವಿ ಚುರುಕಾಗಿತ್ತು.

ಕರಾರುಪತ್ರ, ಕಾಯ್ದೆಯ ಕಲಮು ಬರೆಯುವವರಿಗೆ ರೆನ್ ಅಂಡ್ ಮಾರ್ಟಿನ್ ನಿಯಮ ಬೇಕೇ ಬೇಕು. ಅಲ್ಲಿ ದನಿಯನ್ನು ನಂಬುವಂತಿಲ್ಲ. ಉಳಿದ ಬರವಣಿಗೆಗೆ ಅದು ಅನಗತ್ಯ ಅಂಕುಶ. ಮುಂದಿನ ಪರಿಷ್ಕರಣೆಯಲ್ಲಾದರೂ ಆ ಚುಟುಕು ವಿನಾಯಿತಿ ನಿಯಮಕ್ಕಿಂತ ಮೊದಲು ಅಚ್ಚಾಗಲಿ. ಅಲ್ಲಿಯವರೆಗೆ ಮೇಷ್ಟ್ರುಗಳು ಕೆಂಪು ಶಾಯಿ ಹಿಡಿಯುವ ಮುನ್ನ ವಾಕ್ಯವನ್ನೊಮ್ಮೆ ಬಾಯಿಬಿಟ್ಟು ಓದಲಿ.